ನಿಮ್ಮ ಐಪಿಗೆ ಬೇರೆಯವರು ಡಂಗುರ ಹೊಡೆದರೆ: ಸಣ್ಣ ನೆಟ್‌ವರ್ಕ್ ನಡೆಸುವವರಿಗೆ ರೂಟ್ ಕಾಪಾಡುವ ದಾರಿ

ಒಂದು ಐಪಿ ವಿಳಾಸ ಎಲ್ಲಿದೆ ಅಂತ ಇಂಟರ್ನೆಟ್‌ಗೆ ಗೊತ್ತಾಗುವುದು ಡಂಗುರದಿಂದ. ‘ಈ ವಿಳಾಸಗಳು ನಮ್ಮ ಹತ್ತಿರ ಇವೆ, ಇಲ್ಲಿಗೆ ಕಳಿಸಿ’ ಅಂತ ನಿಮ್ಮ ರೂಟರ್ ಪಕ್ಕದ ರೂಟರ್‌ಗೆ ಹೇಳುತ್ತದೆ. ಅದು ತನ್ನ ಪಕ್ಕದವರಿಗೆ ಹೇಳುತ್ತದೆ. ಸ್ವಲ್ಪ ಹೊತ್ತಲ್ಲೇ ಸುದ್ದಿ ಜಗತ್ತು ಸುತ್ತಿರುತ್ತದೆ. ಇದೇ ಬಿಜಿಪಿ. ಡಂಗುರ ಹೊಡೆದವನ ಕೈಲಿ ಆ ಜಮೀನಿನ ಪಹಣಿ ಇದೆಯಾ ಅಂತ ಬಿಜಿಪಿ ತಾನಾಗಿ ಯಾವತ್ತೂ ಕೇಳುವುದಿಲ್ಲ. ಕೇಳುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು.

ಈ ಬರಹ ಸ್ವಂತ ಎಎಸ್ ನಂಬರ್ (ಇಂಟರ್ನೆಟ್‌ನಲ್ಲಿ ಒಂದು ನೆಟ್‌ವರ್ಕ್‌ನ ಗುರುತಿನ ಸಂಖ್ಯೆ) ಮತ್ತು ಸ್ವಂತ ಐಪಿ ಬ್ಲಾಕ್ (ವಿಳಾಸಗಳ ಗುಂಪು) ಇರುವ ಸಣ್ಣ ಐಎಸ್‌ಪಿಗಳಿಗೆ, ಕಾಲೇಜು ಮತ್ತು ಕಂಪನಿಗಳ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ. ಅಪ್‌ಸ್ಟ್ರೀಮ್, ಅಂದರೆ ನಿಮಗೆ ಇಂಟರ್ನೆಟ್ ಕೊಡುವ ಕಂಪನಿ, ಕೊಟ್ಟ ಐಪಿಯನ್ನೇ ಬಳಸುತ್ತಿದ್ದರೆ ಇದರಲ್ಲಿ ಅರ್ಧ ನಿಮ್ಮ ಕೆಲಸವಲ್ಲ, ಅವರದು.

ಆಟದ ನಿಯಮ ಒಂದೇ

ಈ ನಿಯಮ ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ. ಒಂದೇ ವಿಳಾಸಕ್ಕೆ ಎರಡು ರೂಟ್ (ಹೋಗುವ ದಾರಿ) ಇದ್ದಾಗ ರೂಟರ್ ಯಾವಾಗಲೂ ಚಿಕ್ಕ ಬ್ಲಾಕಿನದನ್ನೇ ಆರಿಸುತ್ತದೆ. ಊರ ಹೆಸರಿಗಿಂತ ಬೀದಿಯ ಹೆಸರು ನಿಖರ ಅಲ್ವಾ, ಅದೇ ಲೆಕ್ಕ. ಬ್ಲಾಕಿನ ಅಳತೆಯನ್ನು ಓರೆಗೆರೆಯ ಮುಂದಿನ ಅಂಕಿ ಹೇಳುತ್ತದೆ; ಅಂಕಿ ದೊಡ್ಡದಾದಷ್ಟೂ ಬ್ಲಾಕ್ ಚಿಕ್ಕದು.

2008ರ ಫೆಬ್ರವರಿ 24ರಂದು ಆಗಿದ್ದು ಇದೇ. ಯೂಟ್ಯೂಬ್ ತನ್ನ 208.65.152.0/22 ಬ್ಲಾಕನ್ನು ಅನೌನ್ಸ್ ಮಾಡುತ್ತಿತ್ತು, ಅಂದರೆ ಅದಕ್ಕೆ ಡಂಗುರ ಹೊಡೆಯುತ್ತಿತ್ತು. ಯೂಟ್ಯೂಬ್ ಬಂದ್ ಮಾಡಿ ಅಂತ ಪಾಕಿಸ್ತಾನದಲ್ಲಿ ಸರ್ಕಾರದ ಆದೇಶ ಬಂತು. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಮಾತ್ರ ಇರಬೇಕಿದ್ದ 208.65.153.0/24 ಎಂಬ ರೂಟನ್ನು ಹೊರಗೂ ಬಿಟ್ಟಿತು. ಅದರ ಅಪ್‌ಸ್ಟ್ರೀಮ್ ಆಗಿದ್ದ ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯೂ ಯಾವ ಫಿಲ್ಟರೂ ಇಲ್ಲದೆ ಅದನ್ನು ಜಗತ್ತಿಗೆ ದಾಟಿಸಿತು. /22ಕ್ಕಿಂತ /24 ಚಿಕ್ಕದು. ಹಾಗಾಗಿ ಪಾಕಿಸ್ತಾನದ ಡಂಗುರವೇ ಗೆದ್ದಿತು. ಸುಮಾರು 80 ನಿಮಿಷದ ನಂತರ ಯೂಟ್ಯೂಬ್ ತಾನೂ /24 ಅನೌನ್ಸ್ ಮಾಡಿತು, ಮತ್ತೆ ಸ್ವಲ್ಪ ಹೊತ್ತಿಗೆ ಎರಡು /25. ಪೂರ್ತಿ ಸರಿಹೋಗಿದ್ದು ಪಿಸಿಸಿಡಬ್ಲ್ಯೂ ಆ ರೂಟನ್ನು ಕಿತ್ತುಹಾಕಿದ ಮೇಲೆ. ಒಟ್ಟು ಎರಡು ಗಂಟೆ ಚಿಲ್ಲರೆ.

ಇದು ಎಡವಟ್ಟು. ಬೇಕಂತಲೇ ಮಾಡಿದ್ದೂ ಇದೆ. 2018ರ ಏಪ್ರಿಲ್ 24ರಂದು ಅಮೆಜಾನ್‌ನ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹೇಳುವ) ಸೇವೆಯ ಕೆಲವು ಬ್ಲಾಕ್‌ಗಳನ್ನು ಯಾರೋ /24 ಆಗಿ ಅನೌನ್ಸ್ ಮಾಡಿದರು. ಮೈಈಥರ್‌ವಾಲೆಟ್ ಎಂಬ ಕ್ರಿಪ್ಟೊ ಸೇವೆಯ ಬಳಕೆದಾರರನ್ನು ನಕಲಿ ಪುಟಕ್ಕೆ ಕರೆದೊಯ್ದು ಅವರ ಕ್ರಿಪ್ಟೊ ಹಣ ಲಪಟಾಯಿಸಿದರು.

ಮೊದಲು ಒಂದು ಪಟ್ಟಿ

ಯಾವ ಟೂಲ್ ಹಾಕುವುದಕ್ಕೂ ಮುಂಚೆ ಒಂದು ಶೀಟ್ ತೆರೆಯಿರಿ. ನಿಮ್ಮ ಹೆಸರಲ್ಲಿರುವ ಪ್ರತಿ ಬ್ಲಾಕ್, ಅದನ್ನು ಯಾವ ಎಎಸ್ ನಂಬರ್‌ನಿಂದ ಅನೌನ್ಸ್ ಮಾಡಲಾಗುತ್ತಿದೆ, ಯಾವ ಅಳತೆಯಲ್ಲಿ, ಯಾವ ಅಪ್‌ಸ್ಟ್ರೀಮ್ ಮೂಲಕ ಅಂತ ಬರೆಯಿರಿ. ಐಪಿವಿ6 (ಹೊಸ ಮಾದರಿಯ ಐಪಿ ವಿಳಾಸ) ಬಿಡಬೇಡಿ. ಜಾಸ್ತಿ ಜನ ಮರೆಯುವುದೇ ಅದನ್ನು.

ಈ ಪಟ್ಟಿಯನ್ನು ನಿಮ್ಮ ರೂಟರ್ ನೋಡಿ ಮಾಡಬೇಡಿ. ಹೊರಗಿನಿಂದ ನೋಡಿ ಮಾಡಿ. ರೈಪ್‌ಸ್ಟ್ಯಾಟ್ ಅಥವಾ ಬಿಜಿಪಿ.ಟೂಲ್ಸ್ ಪುಟದಲ್ಲಿ ನಿಮ್ಮ ಎಎಸ್ ನಂಬರ್ ಹಾಕಿದರೆ ಜಗತ್ತಿಗೆ ಏನು ಕಾಣುತ್ತಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಬ್ಲಾಕ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿ. ನಿಮ್ಮ ಬ್ಲಾಕಿನ ಒಂದು ತುಂಡನ್ನು ಇನ್ಯಾವುದೋ ಎಎಸ್ ಅನೌನ್ಸ್ ಮಾಡುತ್ತಿದ್ದರೆ ಅಲ್ಲಿ ಕಾಣುತ್ತದೆ. ಅದು ಕಳ್ಳನೇ ಆಗಿರಬೇಕಿಲ್ಲ. ಮೂರು ವರ್ಷದ ಹಿಂದೆ ನೀವೇ ಐಪಿ ಕೊಟ್ಟ ಗ್ರಾಹಕ ಇರಬಹುದು. ಡಿಡಾಸ್ ದಾಳಿ (ಟ್ರಾಫಿಕ್ ಸುರಿದು ನೆಟ್‌ವರ್ಕ್ ಮುಳುಗಿಸುವುದು) ತಡೆಯಲು ಗೊತ್ತುಮಾಡಿಕೊಂಡ ಕಂಪನಿಯೂ ಇರಬಹುದು.

ನಾನು ಎಡವಿದ್ದು ಇಲ್ಲೇ. ನಮ್ಮ /22ರಲ್ಲಿ ಒಂದು /24 ಅನ್ನು ಒಂದು ಕಾಲೇಜಿಗೆ ಕೊಟ್ಟಿದ್ದೆವು. ಅವರು ತಮ್ಮದೇ ಎಎಸ್ ನಂಬರ್‌ನಿಂದ, ಬೇರೆ ಅಪ್‌ಸ್ಟ್ರೀಮ್ ಮೂಲಕ ಅದನ್ನು ಅನೌನ್ಸ್ ಮಾಡುತ್ತಿದ್ದರು. ನನಗೆ ಅದು ಮರೆತೇ ಹೋಗಿತ್ತು. ಇಡೀ /22ಕ್ಕೆ ನಮ್ಮ ಎಎಸ್ ಹೆಸರಲ್ಲಿ ಮಾತ್ರ ದಾಖಲೆ (ಯಾರು ಅನೌನ್ಸ್ ಮಾಡಬಹುದು ಅನ್ನುವ ಪತ್ರ, ವಿವರ ಮುಂದಿದೆ) ಮಾಡಿ, ಕೆಲಸ ಮುಗೀತು ಅಂತ ಊಟಕ್ಕೆ ಹೋದೆ. ಒಂಬತ್ತು ಗಂಟೆಗೆ ಫೋನ್ ಬಂತು.

‘ಸಾರ್, ಕೆಲವು ಸೈಟ್ ಓಪನ್ ಆಗ್ತಿವೆ, ಕೆಲವು ಆಗ್ತಿಲ್ಲ. ನಿಮ್ಮ ಕಡೆ ಏನಾದ್ರೂ ಮಾಡಿದ್ರಾ?’

‘ನಮ್ಮ ಕಡೆ ಏನೂ ಇಲ್ಲ ಸಾರ್, ಎಲ್ಲ ಸರಿ ಇದೆ.’

ಎಲ್ಲ ಸರಿ ಇರಲಿಲ್ಲ. ದಾಖಲೆ ನೋಡಿ ರೂಟ್ ಒಪ್ಪುವ ನೆಟ್‌ವರ್ಕ್‌ಗಳು ಅವರ /24 ಅನ್ನು ಕಳ್ಳ ರೂಟ್ ಅಂತ ಬಿಸಾಡಿದ್ದವು. ಕಾಲೇಜಿಗೆ ಹೋಗಬೇಕಿದ್ದ ಪ್ಯಾಕೆಟ್‌ಗಳು /22 ಹಿಡಿದು ನಮ್ಮ ರೂಟರ್‌ಗೆ ಬಂದು ಅಲ್ಲೇ ಸಾಯುತ್ತಿದ್ದವು. ‘ಕೆಲವು ಆಗುತ್ತೆ, ಕೆಲವು ಆಗಲ್ಲ’ ಅನ್ನುವ ದೂರು ಬಂದರೆ ಈಗ ನಾನು ಮೊದಲು ನೋಡುವುದು ನಮ್ಮ ದಾಖಲೆಯನ್ನೇ.

ಬೀಗದ ಕೈ ಯಾರ ಹತ್ತಿರ ಇದೆ?

ಭಾರತದಲ್ಲಿ ಐಪಿ ಮತ್ತು ಎಎಸ್ ನಂಬರ್ ಕೊಡುವುದು ನಿಕ್ಸಿ (ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ನಡೆಸುವ ಐಆರ್‌ಐಎನ್‌ಎನ್. ಕೆಲವರು ನೇರವಾಗಿ ಏಷ್ಯಾ-ಪೆಸಿಫಿಕ್ ವಲಯಕ್ಕೆ ಐಪಿ ಹಂಚುವ ಎಪಿನಿಕ್ ಸದಸ್ಯರು. ಎಲ್ಲಿಂದ ಪಡೆದಿದ್ದೀರೋ ಅಲ್ಲಿನ ಪೋರ್ಟಲ್ ಲಾಗಿನ್ ನಿಮ್ಮ ಕೈಲಿದೆಯಾ ಅಂತ ಇವತ್ತೇ ನೋಡಿ. ನಮ್ಮ ಕಡೆಯ ಸಣ್ಣ ಐಎಸ್‌ಪಿಗಳಲ್ಲಿ ಎಷ್ಟೋ ಸಲ ಅರ್ಜಿ ಹಾಕಿ ಬ್ಲಾಕ್ ತೆಗೆಸಿಕೊಟ್ಟ ಕನ್ಸಲ್ಟೆಂಟ್‌ನ ಇಮೇಲೇ ಅಲ್ಲಿ ಉಳಿದಿರುತ್ತದೆ. ಅವರು ಒಳ್ಳೆಯವರೇ ಇರಬಹುದು. ಆದರೂ ಮನೆ ಪತ್ರ ಬ್ರೋಕರ್ ಹತ್ತಿರ ಬಿಡುತ್ತೀರಾ? ಇಮೇಲ್, ಫೋನ್ ಬದಲಾಯಿಸಿ. ಗಟ್ಟಿ ಪಾಸ್‌ವರ್ಡ್ ಹಾಕಿ. ಎರಡನೇ ಹಂತದ ದೃಢೀಕರಣ ಇದ್ದರೆ ಆನ್ ಮಾಡಿ.

ಇದು ಸುಮ್ನೆ ಹೇಳುವ ಮಾತಲ್ಲ. 2024ರ ಜನವರಿ 3ರಂದು ಆರೆಂಜ್ ಸ್ಪೇನ್ ಕಂಪನಿಯ ರೈಪ್ ಎನ್‌ಸಿಸಿ (ಯುರೋಪಿನ ಕಡೆ ಐಪಿ ಹಂಚುವ ಸಂಸ್ಥೆ) ಖಾತೆಗೆ ಒಬ್ಬ ನುಗ್ಗಿದ. ಪಾಸ್‌ವರ್ಡ್ ‘ರೈಪ್‌ಅಡ್ಮಿನ್’ ಅಂತ ಇತ್ತು. ಎರಡನೇ ಹಂತದ ದೃಢೀಕರಣ ಇರಲಿಲ್ಲ. ಒಳಗೆ ಹೋದವನು ಅವರ ಬ್ಲಾಕ್‌ಗಳಿಗೆ ತಪ್ಪು ಎಎಸ್ ನಂಬರ್ ಹಾಕಿ ದಾಖಲೆ ಮಾಡಿದ. ಆರೆಂಜ್‌ನ ಅಸಲಿ ರೂಟ್‌ಗಳೇ ಜಗತ್ತಿಗೆ ಕಳ್ಳ ರೂಟ್‌ಗಳಾದವು. ಹಲವು ಗಂಟೆ ಅವರ ಗ್ರಾಹಕರು ಒದ್ದಾಡಿದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಆರ್‌ಒಎ ಮಾಡುವುದು

ಇಲ್ಲಿವರೆಗೆ ‘ದಾಖಲೆ’ ಅಂದದ್ದು ಇದನ್ನೇ. ಇಂಥ ಬ್ಲಾಕನ್ನು ಇಂಥ ಎಎಸ್ ಅನೌನ್ಸ್ ಮಾಡಬಹುದು ಅಂತ ಬ್ಲಾಕಿನ ಒಡೆಯ ಡಿಜಿಟಲ್ ಸಹಿ ಹಾಕಿಕೊಡುವ ಪತ್ರ ಆರ್‌ಒಎ. ಈ ಪತ್ರಗಳನ್ನೆಲ್ಲ ಹೊತ್ತಿರುವ ಏರ್ಪಾಡಿಗೆ ಆರ್‌ಪಿಕೆಐ ಅಂತ ಹೆಸರು. 2024ರ ಮೇ ತಿಂಗಳ ಹೊತ್ತಿಗೆ ಜಗತ್ತಿನ ಐಪಿವಿ4 ರೂಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಆರ್‌ಒಎ ಬಂದಿತ್ತು.

ತುಂಬಬೇಕಾದ ಕಾಲಂ ಮೂರೇ: ಎಎಸ್ ನಂಬರ್, ಬ್ಲಾಕ್, ಗರಿಷ್ಠ ಉದ್ದ (ಎಷ್ಟು ಚಿಕ್ಕ ತುಂಡಿನವರೆಗೆ ಅನೌನ್ಸ್ ಮಾಡಬಹುದು ಅನ್ನುವ ಅಂಕಿ). ಮೊದಲಿನ ಎರಡು ಸುಲಭ. ಮೂರನೆಯದರಲ್ಲಿ ಜನ ಸಿಕ್ಕಿಬೀಳುತ್ತಾರೆ.

ನಿಮ್ಮ ಎಎಸ್ 64500, ಬ್ಲಾಕ್ 198.18.4.0/23 ಅಂದುಕೊಳ್ಳಿ. (ಎರಡೂ ಉದಾಹರಣೆ, ಪರೀಕ್ಷೆ ಅಂತಲೇ ಮೀಸಲಿಟ್ಟ ನಂಬರ್‌ಗಳು, ಯಾರಿಗೂ ಸೇರಿದ್ದಲ್ಲ.) ನೀವು /23 ಮಾತ್ರ ಅನೌನ್ಸ್ ಮಾಡುತ್ತಿದ್ದೀರಿ. ಮುಂದೆ ಬೇಕಾಗಬಹುದು ಅಂತ ಗರಿಷ್ಠ ಉದ್ದ 24 ಅಂತ ಹಾಕಿಬಿಟ್ಟಿರಿ. ಈಗ ಕಳ್ಳ ಏನು ಮಾಡುತ್ತಾನೆ? 198.18.4.0/24 ಅನ್ನು ಅನೌನ್ಸ್ ಮಾಡುತ್ತಾನೆ, ಹಾದಿಯ (ಡಂಗುರ ದಾಟಿ ಬಂದ ಎಎಸ್‌ಗಳ ಸಾಲಿನ) ಕೊನೆಗೆ ನಿಮ್ಮ 64500 ಅನ್ನೇ ಅಂಟಿಸುತ್ತಾನೆ. ಆರ್‌ಒಎ ನೋಡುವವರಿಗೆ ಅದು ಸರಿಯಾಗೇ ಕಾಣುತ್ತದೆ. ಎಎಸ್ ನಿಮ್ಮದು, ಉದ್ದ 24ರ ಒಳಗೆ. ಚಿಕ್ಕ ಬ್ಲಾಕ್ ಆದ್ದರಿಂದ ಎಲ್ಲ ಕಡೆ ಅವನೇ ಗೆಲ್ಲುತ್ತಾನೆ. ನೀವೇ ಸಹಿ ಹಾಕಿದ ಖಾಲಿ ಚೆಕ್ ಅದು.

ಅದಕ್ಕೇ ನಿಜವಾಗಿ ಏನು ಅನೌನ್ಸ್ ಮಾಡುತ್ತೀರೋ ಅಷ್ಟಕ್ಕೇ ಆರ್‌ಒಎ ಮಾಡಿ. ಇಂಟರ್ನೆಟ್ ಎಂಜಿನಿಯರ್‌ಗಳ ಮಾರ್ಗದರ್ಶಿ ಪತ್ರವಾದ 2022ರ ಆರ್‌ಎಫ್‌ಸಿ 9319 ಹೇಳುವುದೂ ಇದನ್ನೇ. ಗರಿಷ್ಠ ಉದ್ದ ಅನ್ನುವಲ್ಲಿ ಬ್ಲಾಕಿನ ಉದ್ದವನ್ನೇ ಹಾಕಿ.

ನನ್ನ ಸಲಹೆ ಇನ್ನೊಂದು ಹೆಜ್ಜೆ ಮುಂದೆ. ನಿಮ್ಮದು /23 ಇದ್ದರೆ ಎರಡು /24 ಅನ್ನೂ ಸದಾ ಅನೌನ್ಸ್ ಮಾಡಿ, ಮೂರಕ್ಕೂ ಆರ್‌ಒಎ ಮಾಡಿ. /24ಕ್ಕಿಂತ ಚಿಕ್ಕದನ್ನು ಬಹುಪಾಲು ನೆಟ್‌ವರ್ಕ್‌ಗಳು ಒಪ್ಪುವುದಿಲ್ಲ, ಐಪಿವಿ6ನಲ್ಲಿ /48ಕ್ಕಿಂತ. ಹಾಗಾಗಿ ನಿಮಗಿಂತ ಚಿಕ್ಕದನ್ನು ಹಿಡಿದು ಗೆಲ್ಲುವ ದಾರಿ ಕಳ್ಳನಿಗೆ ಮುಚ್ಚುತ್ತದೆ. ನಿಮ್ಮ ಎಎಸ್ ಅಂಟಿಸಿಕೊಂಡು ಬಂದರೂ ಅವನ ಹಾದಿ ಒಂದು ಹೆಜ್ಜೆ ಉದ್ದ, ಆದ್ದರಿಂದ ಸುಮಾರು ಕಡೆ ಸೋಲುತ್ತಾನೆ. ಜಗತ್ತಿನ ರೂಟಿಂಗ್ ಟೇಬಲ್ ಸುಮ್ನೆ ದಪ್ಪ ಮಾಡಬೇಡಿ ಅಂತ ಹಿರಿಯ ಎಂಜಿನಿಯರ್‌ಗಳು ಬೈಯುತ್ತಾರೆ. ಬೈಗುಳ ನ್ಯಾಯವಾದದ್ದೇ. /16 ಇರುವವರು ಹೀಗೆ ಮಾಡಬಾರದು. ಬೆರಳೆಣಿಕೆಯ /24 ಇರುವ ನಾವು ಮಾಡಿದರೆ ಆಕಾಶವೇನೂ ಬೀಳುವುದಿಲ್ಲ.

ಕ್ರಮವೂ ಮುಖ್ಯ. ದೊಡ್ಡ ಬ್ಲಾಕಿಗೆ ಆರ್‌ಒಎ ಮಾಡಿದ ಗಳಿಗೆಯಿಂದ ಅದರೊಳಗಿನ, ಆರ್‌ಒಎ ಇಲ್ಲದ ಚಿಕ್ಕ ರೂಟ್‌ಗಳೆಲ್ಲ ಅಮಾನ್ಯ. ನನ್ನ ಕಾಲೇಜಿನ ಕಥೆ ಆಗಿದ್ದು ಹಾಗೆ. ಮೊದಲು ಗ್ರಾಹಕರ /24ಗಳಿಗೆ ಅವರ ಎಎಸ್ ಹೆಸರಲ್ಲಿ, ಆಮೇಲೆ ನಿಮ್ಮ /24ಗಳಿಗೆ, ಕೊನೆಗೆ ದೊಡ್ಡದಕ್ಕೆ. ಪ್ರತಿ ಹಂತದ ನಂತರ ಒಂದು ಗಂಟೆ ಬಿಟ್ಟು, ಹೊರಗಿನ ಪುಟದಲ್ಲಿ ಪ್ರತಿ ರೂಟೂ ‘ವ್ಯಾಲಿಡ್’ ಅಂತ ಬರುತ್ತಿದೆಯಾ ನೋಡಿ. ಶುಕ್ರವಾರ ಸಂಜೆ ಈ ಕೆಲಸ ಹಿಡಿಯಬೇಡಿ.

ಡಿಡಾಸ್ ತಡೆಯುವ ಕಂಪನಿ ತನ್ನ ಎಎಸ್‌ನಿಂದ ನಿಮ್ಮ ಬ್ಲಾಕ್ ಅನೌನ್ಸ್ ಮಾಡುತ್ತದೆಯೋ, ನಿಮ್ಮ ಎಎಸ್ ಇಟ್ಟುಕೊಂಡೇ ಮಾಡುತ್ತದೆಯೋ ಅಂತ ಮೊದಲೇ ಕೇಳಿಕೊಳ್ಳಿ. ಅವರ ಎಎಸ್ ಆದರೆ ಅದಕ್ಕೂ ಆರ್‌ಒಎ ಈಗಲೇ ಬೇಕು. ದಾಳಿ ಶುರುವಾದ ಮೇಲೆ ಮಾಡಿದರೆ ಎಲ್ಲರಿಗೂ ತಲುಪುವಷ್ಟರಲ್ಲಿ ಹೊತ್ತು ಹೋಗಿರುತ್ತದೆ.

ಬಳಸದೆ ಬಿಟ್ಟಿರುವ ಬ್ಲಾಕ್ ಇದ್ದರೆ ಅದಕ್ಕೆ ಎಎಸ್ 0 ಹಾಕಿ ಆರ್‌ಒಎ ಮಾಡಬಹುದು. ‘ಇದನ್ನು ಯಾರೂ ಅನೌನ್ಸ್ ಮಾಡುವಂತಿಲ್ಲ’ ಅಂತ ಅರ್ಥ. ಖಾಲಿ ಸೈಟಿಗೆ ಕಾಂಪೌಂಡ್ ಕಟ್ಟಿದ ಹಾಗೆ. ಸ್ಪ್ಯಾಮ್ ಕಳಿಸುವವರಿಗೆ ಇಂಥ ಖಾಲಿ ಬ್ಲಾಕ್ ಅಂದ್ರೆ ಬಲು ಇಷ್ಟ.

ಹಳೇ ದಾಖಲೆಗಳು

ಆರ್‌ಪಿಕೆಐ ಬರುವುದಕ್ಕೂ ಮುಂಚಿನಿಂದ ಐಆರ್‌ಆರ್ (ಇಂಟರ್ನೆಟ್ ರೂಟಿಂಗ್ ರಿಜಿಸ್ಟ್ರಿ) ಅನ್ನುವ ದಾಖಲೆಗಳಿವೆ. ಬಹಳಷ್ಟು ಅಪ್‌ಸ್ಟ್ರೀಮ್‌ಗಳು ಇವತ್ತಿಗೂ ಅದನ್ನು ನೋಡಿಯೇ ತಮ್ಮ ಫಿಲ್ಟರ್ ಬರೆಯುತ್ತವೆ. ನಿಮ್ಮ ಪ್ರತಿ ರೂಟಿಗೂ ಅಲ್ಲಿ ಒಂದು ರೂಟ್ ಆಬ್ಜೆಕ್ಟ್ (ಬ್ಲಾಕ್ ಮತ್ತು ಎಎಸ್ ಬರೆದ ನಮೂದು) ಇರಲಿ. ಹಳೇ ಅಪ್‌ಸ್ಟ್ರೀಮ್ ಯಾವತ್ತೋ ಇಂಥದ್ದೇ ಒಂದು ದಾಖಲೆಯಾದ ರ‍್ಯಾಡ್‌ಬಿಯಲ್ಲಿ ನಿಮ್ಮ ಪರವಾಗಿ ಮಾಡಿಟ್ಟದ್ದು ಉಳಿದಿದ್ದರೆ ತೆಗೆಸಿ.

ಇದರ ಜೊತೆಗೆ ನಮ್ಮಲ್ಲಿ ಲೆಟರ್‌ಹೆಡ್ ಪದ್ಧತಿ ಬೇರೆ. ‘ಈ ಬ್ಲಾಕ್ ಅನೌನ್ಸ್ ಮಾಡಲು ಅನುಮತಿ ಕೊಟ್ಟಿದ್ದೇವೆ’ ಅಂತ ಬರೆದು, ಸೀಲು ಹಾಕಿ, ಸ್ಕ್ಯಾನ್ ಮಾಡಿ ಮೇಲ್ ಮಾಡಿದರೆ ಆಯ್ತು. ಸೀಲು ಹತ್ತು ನಿಮಿಷದಲ್ಲಿ ಮಾಡಿಕೊಡುವ ಅಂಗಡಿ ಪ್ರತಿ ತಾಲ್ಲೂಕು ಕಚೇರಿ ಎದುರಿಗೂ ಇದೆ. ನಿಮ್ಮ ಹೆಸರಲ್ಲಿ ಇಂಥ ಪತ್ರ ಬಂದರೆ ಆರ್‌ಒಎ ಇಲ್ಲದೆ ಒಪ್ಪಬೇಡಿ ಅಂತ ನಿಮ್ಮ ಅಪ್‌ಸ್ಟ್ರೀಮ್‌ಗೆ ಬರವಣಿಗೆಯಲ್ಲಿ ಹೇಳಿಡಿ.

ಬೇರೆಯವರ ದಾಖಲೆ ನೀವೂ ನೋಡಿ

ನೀವು ಮಾಡಿದ ಆರ್‌ಒಎ ಕಾಯುವುದು ಬೇರೆಯವರು ಅದನ್ನು ನೋಡಿದರೆ ಮಾತ್ರ. ಅವರದನ್ನು ನೀವು ನೋಡಬೇಕಾದ್ದೂ ಅಷ್ಟೇ. ಮೊದಲು ಅಪ್‌ಸ್ಟ್ರೀಮ್‌ಗೆ ಫೋನ್ ಮಾಡಿ: ‘ಸಾರ್, ಆರ್‌ಪಿಕೆಐ ಇನ್‌ವ್ಯಾಲಿಡ್ ರೂಟ್ ಡ್ರಾಪ್ ಮಾಡ್ತೀರಾ? ಗ್ರಾಹಕರಿಂದ ಬರೋದನ್ನೂ ಮಾಡ್ತೀರಾ?’ ಎರಡನೇ ಪ್ರಶ್ನೆ ಬಿಡಬೇಡಿ. ಪೀರ್‌ಗಳಿಂದ (ನೇರವಾಗಿ ಟ್ರಾಫಿಕ್ ಅದಲುಬದಲು ಮಾಡಿಕೊಳ್ಳುವ ಸರಿಸಮಾನ ನೆಟ್‌ವರ್ಕ್‌ಗಳಿಂದ) ಬಂದದ್ದನ್ನು ಮಾತ್ರ ನೋಡಿ, ದುಡ್ಡು ಕೊಡುವ ಗ್ರಾಹಕರದ್ದನ್ನು ಹಾಗೇ ಬಿಡುವವರಿದ್ದಾರೆ. ಉತ್ತರ ತೇಲಿಸಿದರೆ ಕ್ಲೌಡ್‌ಫ್ಲೇರ್‌ನ ‘ಈಸ್ ಬಿಜಿಪಿ ಸೇಫ್ ಯೆಟ್’ ಪುಟವನ್ನು ನಿಮ್ಮ ಲೈನ್‌ನಿಂದ ತೆರೆದು ಪರೀಕ್ಷಿಸಿ.

ಅಪ್‌ಸ್ಟ್ರೀಮ್‌ನಿಂದ ಡೀಫಾಲ್ಟ್ ರೂಟ್ (ಎಲ್ಲವನ್ನೂ ಅವರ ಕಡೆಗೇ ಕಳಿಸುವ ಒಂದೇ ದಾರಿ) ಮಾತ್ರ ಪಡೆಯುವವರಿಗೆ ಅವರ ಪರೀಕ್ಷೆಯೇ ಗತಿ. ಪೂರ್ತಿ ಟೇಬಲ್ (ಜಗತ್ತಿನ ರೂಟ್‌ಗಳ ಪಟ್ಟಿ) ತೆಗೆದುಕೊಳ್ಳುವವರು, ಬೆಂಗಳೂರಿನ ನಿಕ್ಸಿಯಂಥ ಎಕ್ಸ್‌ಚೇಂಜ್‌ನಲ್ಲಿ (ನೆಟ್‌ವರ್ಕ್‌ಗಳು ಒಂದುಗೂಡುವ ಜಾಗದಲ್ಲಿ) ಪೀರ್ ಆಗಿರುವವರು ತಾವೇ ಪರೀಕ್ಷಿಸಬೇಕು. ರೂಟಿನೇಟರ್, ಆರ್‌ಪಿಕೆಐ-ಕ್ಲೈಂಟ್ ಎಂಬ ತಂತ್ರಾಂಶ ಎರಡೂ ಉಚಿತ. ಬೇರೆ ಬೇರೆ ಯಂತ್ರದಲ್ಲಿ ಒಂದೊಂದು ಹಾಕಿ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಅವು ಪತ್ರಗಳ ಸಹಿ ಪರಿಶೀಲಿಸಿ ಪಟ್ಟಿಯನ್ನು ರೂಟರ್‌ಗೆ ಕೊಡುತ್ತವೆ. ಮೊದಲ ಎರಡು ವಾರ ಏನನ್ನೂ ಬಿಸಾಡಬೇಡಿ, ಯಾವುದು ಇನ್‌ವ್ಯಾಲಿಡ್ ಬರುತ್ತಿದೆ ಅಂತ ನೋಡುತ್ತಿರಿ. ಆಮೇಲೆ ಇನ್‌ವ್ಯಾಲಿಡ್ ಅನ್ನು ಮಾತ್ರ ಡ್ರಾಪ್ ಮಾಡಿ. ದಾಖಲೆಯೇ ಇಲ್ಲದ್ದನ್ನು ಮುಟ್ಟಬೇಡಿ, ಇಂಟರ್ನೆಟ್‌ನ ದೊಡ್ಡ ಭಾಗವೇ ಕೈತಪ್ಪುತ್ತದೆ. ಇನ್‌ವ್ಯಾಲಿಡ್‌ಗೆ ಬರೀ ಆದ್ಯತೆ ಕಡಿಮೆ ಮಾಡಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಆದ್ಯತೆ ಎಷ್ಟೇ ಇಳಿಸಿದರೂ ಚಿಕ್ಕ ಬ್ಲಾಕೇ ಗೆಲ್ಲುತ್ತದೆ.

ಹೊರಗೆ ಬಿಡುವ ಕಡೆಯೂ ಫಿಲ್ಟರ್ ಇರಲಿ: ನಮ್ಮ ಮತ್ತು ನಮ್ಮ ಗ್ರಾಹಕರ ಬ್ಲಾಕ್ ಬಿಟ್ಟು ಬೇರೇನೂ ಹೊರಗೆ ಹೋಗಬಾರದು. 2021ರ ಏಪ್ರಿಲ್ 16ರಂದು ವೊಡಾಫೋನ್ ಐಡಿಯಾದ ಎಎಸ್ 55410ನಿಂದ ತನ್ನದಲ್ಲದ 30,000ಕ್ಕೂ ಹೆಚ್ಚು ರೂಟ್‌ಗಳು ಹೊರಬಿದ್ದವು. ಬೇರೆಯವರ ಟ್ರಾಫಿಕ್ ಅತ್ತ ನುಗ್ಗಿತು. ದೊಡ್ಡವರಿಗೇ ಹೀಗಾಗಿದೆ. ಗ್ರಾಹಕರ ಬಿಜಿಪಿ ಸಂಪರ್ಕಗಳಿಗೆ ಗರಿಷ್ಠ ರೂಟ್ ಮಿತಿಯನ್ನೂ ಹಾಕಿ. ಎರಡು ರೂಟ್ ಕಳಿಸುವವನಿಗೆ ಹತ್ತರ ಮಿತಿ ಧಾರಾಳವಾಯಿತು.

ಕಾವಲು

ಬಿಜಿಪಿಅಲರ್ಟರ್ ಉಚಿತ, ಸಣ್ಣ ಸರ್ವರ್‌ನಲ್ಲೂ ಓಡುತ್ತದೆ. ನಿಮ್ಮ ಬ್ಲಾಕನ್ನು ಬೇರೆ ಎಎಸ್ ಅನೌನ್ಸ್ ಮಾಡಿದರೆ, ಚಿಕ್ಕ ತುಂಡು ಕಾಣಿಸಿದರೆ, ಆರ್‌ಒಎ ಬದಲಾದರೆ ಮೆಸೇಜ್ ಕಳಿಸುತ್ತದೆ. ಆದರೆ ಅದನ್ನು ನಿಮ್ಮದೇ ಬ್ಲಾಕಿನಲ್ಲಿ ಹಾಕಿ, ಎಚ್ಚರಿಕೆ ನಿಮ್ಮದೇ ಮೇಲ್ ಸರ್ವರ್‌ಗೆ ಬರುವ ಹಾಗೆ ಮಾಡಬೇಡಿ. ರೂಟ್ ಕಳವಾದ ದಿನ ಆ ಮೇಲ್ ಕಳ್ಳನ ಕಡೆ ಹೋಗುತ್ತದೆ. ಹೊರಗೆಲ್ಲೋ ಒಂದು ಅಗ್ಗದ ವರ್ಚುವಲ್ ಸರ್ವರ್, ಟೆಲಿಗ್ರಾಂ ಗುಂಪಿಗೆ ಮೆಸೇಜ್, ಇಷ್ಟು ಸಾಕು.

ಕಳವಾದಾಗ

ಮೊದಲು ಪಟ್ಟಿ ತೆಗೆದು ನೋಡಿ. ನಮ್ಮವರೇ ಯಾರೋ ಮಾಡಿದ್ದಾ? ಅಲ್ಲ ಅಂತ ಖಾತ್ರಿಯಾದರೆ ರೈಪ್‌ಸ್ಟ್ಯಾಟ್‌ನ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಸಮಯವನ್ನು ಯುಟಿಸಿಯಲ್ಲಿ ಬರೆಯಿರಿ, ಅಂದರೆ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು. ಹೊರದೇಶದವರ ಜೊತೆ ಮಾತಾಡುವಾಗ ಇದೊಂದು ತಪ್ಪಿದರೆ ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ.

/24 ಆಗಿ ಅನೌನ್ಸ್ ಮಾಡಿರದಿದ್ದರೆ ಈಗ ಮಾಡಿ. ಅದಕ್ಕೆ ಆರ್‌ಒಎ ಇದೆಯಾ ಅಂತ ನೋಡಿಕೊಂಡು ಮಾಡಿ, ಇಲ್ಲದಿದ್ದರೆ ನಿಮ್ಮದೇ ರೂಟ್ ಅಮಾನ್ಯ. ಕಳ್ಳನೂ /24ನಲ್ಲೇ ಇದ್ದರೆ ರೂಟರ್‌ನಲ್ಲಿ ನಿಮಗೆ ಮಾಡಲು ಜಾಸ್ತಿ ಏನೂ ಉಳಿದಿಲ್ಲ. ಇನ್ನು ಫೋನಿನ ಕೆಲಸ.

ಫೋನ್ ಯಾರಿಗೆ? ಅನೌನ್ಸ್ ಮಾಡುತ್ತಿರುವ ಎಎಸ್‌ಗೆ ಒಂದು, ಅವರ ಅಪ್‌ಸ್ಟ್ರೀಮ್‌ಗೆ ಇನ್ನೊಂದು, ನಿಮ್ಮ ಅಪ್‌ಸ್ಟ್ರೀಮ್‌ಗೆ ಮೂರನೆಯದು. ನಂಬರ್‌ಗಳು ಪಿಯರಿಂಗ್‌ಡಿಬಿ ಎಂಬ ನೆಟ್‌ವರ್ಕ್‌ಗಳ ಪಟ್ಟಿಯಲ್ಲಿ ಸಿಗುತ್ತವೆ. ಎರಡನೆಯವರೇ ಬೇಗ ಕೆಲಸ ಮಾಡಿಕೊಡುವುದು. ಯೂಟ್ಯೂಬ್ ವಿಷಯದಲ್ಲೂ ಕೊನೆಗೆ ಬಾಗಿಲು ಹಾಕಿದ್ದು ಅಪ್‌ಸ್ಟ್ರೀಮೇ. ಮೇಲ್ ಚಿಕ್ಕದಿರಲಿ: ಯಾವ ಬ್ಲಾಕ್, ಅಸಲಿ ಎಎಸ್, ಕಳ್ಳ ಎಎಸ್, ಎಷ್ಟು ಹೊತ್ತಿನಿಂದ, ಆರ್‌ಒಎ ಇದೆ. ಐದು ಸಾಲು ಸಾಕು. ಬಹುಪಾಲು ಇದು ಕಳ್ಳತನವಲ್ಲ, ಆ ಕಡೆಯವನು ಒಂದು ಅಂಕಿ ತಪ್ಪಾಗಿ ಟೈಪ್ ಮಾಡಿರುತ್ತಾನೆ. ಹಾಗಾಗಿ ಮೊದಲ ಮೇಲ್‌ನಲ್ಲೇ ಬೈಯಬೇಡಿ.

ಭಾರತದಲ್ಲಿ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ತುರ್ತು ತಂಡ) ತಿಳಿಸಬೇಕು ಅಂತ 2022ರ ಏಪ್ರಿಲ್‌ನ ನಿರ್ದೇಶನ ಇದೆ. ದಾಳಿ ಅಂತ ಅನಿಸಿದರೆ ಅದನ್ನೂ ಮಾಡಿ ಮುಗಿಸಿ.

ರೂಟ್ ವಾಪಸ್ ಬಂದ ಮೇಲೂ ಒಂದು ಕೆಲಸ ಬಾಕಿ. ಟ್ರಾಫಿಕ್ ಕೈಲಿದ್ದ ಹೊತ್ತಲ್ಲಿ ಕಳ್ಳ ನಿಮ್ಮ ಡೊಮೇನ್ ಹೆಸರಿಗೆ ಅಸಲಿ ಟಿಎಲ್‌ಎಸ್ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಪತ್ರ) ಪಡೆದಿರಬಹುದು. 2022ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಕ್ಲೇಸ್ವಾಪ್ ಎಂಬ ಕ್ರಿಪ್ಟೊ ಸೇವೆಯ ಮೇಲಿನ ದಾಳಿಯಲ್ಲಿ ಹೀಗೇ ಆಗಿತ್ತು. ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್‌ನಲ್ಲಿ (ಕೊಟ್ಟ ಸರ್ಟಿಫಿಕೇಟ್‌ಗಳ ಬಹಿರಂಗ ಪಟ್ಟಿ) ನಿಮ್ಮ ಡೊಮೇನ್ ಹುಡುಕಿ, ಗೊತ್ತಿಲ್ಲದ್ದು ಕಂಡರೆ ರದ್ದು ಮಾಡಿಸಿ.

ನಮ್ಮ ರ‍್ಯಾಕಿನ ಬಾಗಿಲ ಒಳಗೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಅಂಟಿಸಿದ್ದೇವೆ. ಎರಡು ಅಪ್‌ಸ್ಟ್ರೀಮ್‌ಗಳ ನೆಟ್‌ವರ್ಕ್ ಕಚೇರಿ ನಂಬರ್, ಎಕ್ಸ್‌ಚೇಂಜ್‌ನ ನಂಬರ್, ಪೋರ್ಟಲ್ ಲಾಗಿನ್ ಯಾರ ಹತ್ತಿರ ಇದೆ ಅನ್ನುವ ಹೆಸರು, ಬ್ಲಾಕ್‌ಗಳ ಪಟ್ಟಿ. ಕೆಳಗೆ ಪೆನ್ನಿನಲ್ಲಿ ಆ ಕಾಲೇಜಿನ /24 ಅನ್ನೂ ಸೇರಿಸಿ ಎರಡು ಗೆರೆ ಎಳೆದಿದ್ದೇನೆ.